ಅವಸರಕ್ಕೂ ಅರ್ಹತೆ ಬೇಕು



ಆರೋಗ್ಯದ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದರು. ಏನು ತಿನ್ನಬೇಕು, ದಿನಕ್ಕೆ ಎಷ್ಟು ನಡೆಯಬೇಕು ಎಂದು ಕೇಳಿಕೊಂಡು ಹೋಗೋಣವೆಂದು ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ, ಅದು ಇವತ್ತು ಸಿಗುವುದಿಲ್ಲ. ನನ್ನ ವಿಷಯ ಅದಕ್ಕಿಂತ ಒಂದು ಮೆಟ್ಟಿಲು ಹಿಂದಿನದು. ಈ ಮಾತ್ರೆ ಕೊಡಿ, ಆ ಲಸಿಕೆ ನಿಲ್ಲಿಸಿ ಎಂದು ಆದೇಶ ಹೊರಡಿಸುವವರು ತಮ್ಮ ಮಾತಿಗೆ ಆಧಾರವನ್ನು ಎಲ್ಲಿಂದ, ಹೇಗೆ ಕಲೆಹಾಕುತ್ತಾರೆ? ಆ ಕೆಲಸವನ್ನು ಬೇಗ ಮುಗಿಸಿ ಎಂದು ಕೇಳುವುದು ಯಾವಾಗ ನ್ಯಾಯ, ಯಾವಾಗ ಅನ್ಯಾಯ? ಒಣ ವಿಷಯ ಎನಿಸಬಹುದು. ಆದರೆ ಕೋವಿಡ್ ವರ್ಷಗಳಲ್ಲಿ ನಿಮ್ಮಲ್ಲಿ ಬಹಳ ಮಂದಿ ಈ ಅವಸರದ ಫಲವನ್ನು ಮಾತ್ರೆಯ ರೂಪದಲ್ಲಿ ನುಂಗಿದ್ದೀರಿ.

ವೈದ್ಯವಿಜ್ಞಾನದಲ್ಲಿ ಒಂದೇ ಪ್ರಶ್ನೆಗೆ ಹತ್ತು ಅಧ್ಯಯನಗಳು ಹೌದು ಎಂದರೆ ಆರು ಇಲ್ಲ ಎನ್ನುತ್ತವೆ. ಆ ಗದ್ದಲದಲ್ಲಿ ತನಗೆ ಬೇಕಾದ ನಾಲ್ಕನ್ನು ಹೆಕ್ಕಿ ತೋರಿಸುವುದು ಯಾರಿಗೂ ಸುಲಭ. ಇದನ್ನು ತಡೆಯಲು ಬೆಳೆದ ಶಿಸ್ತೇ ಸಿಸ್ಟಮ್ಯಾಟಿಕ್ ರಿವ್ಯೂ, ವ್ಯವಸ್ಥಿತ ಪರಾಮರ್ಶೆ. ಪ್ರತಿ ವಿಷಯದಲ್ಲೂ ನಡೆದಿರುವ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ, ತೂಗಿ, ಕಾಲಕಾಲಕ್ಕೆ ತಿದ್ದುವ ವ್ಯವಸ್ಥೆಯನ್ನು ನಮ್ಮ ವೃತ್ತಿ ಮಾಡಿಕೊಂಡಿಲ್ಲ ಎಂದು ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ 1979ರಲ್ಲಿ ಕುಟುಕಿದರು. 1993ರಲ್ಲಿ ಆಕ್ಸ್‌ಫರ್ಡಿನ ಇಯಾನ್ ಚಾಮರ್ಸ್ ಮತ್ತು ಸಂಗಡಿಗರು ಅವರ ಹೆಸರಿನಲ್ಲೇ ಸಂಸ್ಥೆ ಕಟ್ಟಿದರು. ಕೆಲಸದ ಕ್ರಮ ಹೇಳಲು ಸರಳ. ಏನನ್ನು ಹುಡುಕುತ್ತೇವೆ, ಯಾವುದನ್ನು ಸೇರಿಸುತ್ತೇವೆ, ಯಾವುದನ್ನು ಬಿಡುತ್ತೇವೆ ಎಂದು ಮೊದಲೇ ಬರೆದು ಬಹಿರಂಗಪಡಿಸಬೇಕು. ಹಲವು ಡೇಟಾಬೇಸ್‌ಗಳಲ್ಲಿ ಹುಡುಕಬೇಕು. ಸಿಕ್ಕ ಸಾವಿರಾರು ಸಾರಾಂಶಗಳನ್ನು ಇಬ್ಬರು, ಒಬ್ಬರದನ್ನು ಇನ್ನೊಬ್ಬರು ನೋಡದೆ, ಓದಿ ಆರಿಸಬೇಕು. ಆರಿಸಿದ ಅಧ್ಯಯನಗಳಲ್ಲಿ ಎಲ್ಲಿ ಪಕ್ಷಪಾತ ನುಸುಳಿದೆ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಪ್ರಕಟವಾಗದೆ ಕಪಾಟಿನಲ್ಲಿ ಉಳಿದಿರುವುದೇನು ಎಂದು ವಿಚಾರಿಸಬೇಕು. ಆಮೇಲೆ, ಸಾಧ್ಯವಿದ್ದರೆ ಮಾತ್ರ, ಎಲ್ಲವನ್ನೂ ಒಂದು ಲೆಕ್ಕಕ್ಕೆ ತರಬೇಕು.

ಇದಕ್ಕೆಲ್ಲ ಕಾಲ ಹಿಡಿಯುತ್ತದೆ. ಅಂತರರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಿದ್ದ 195 ಪರಾಮರ್ಶೆಗಳನ್ನು ಹಿಂಬಾಲಿಸಿದ ಒಂದು ಅಧ್ಯಯನ 2017ರಲ್ಲಿ ಹೊರಬಂತು. ನೋಂದಣಿಯಿಂದ ಪ್ರಕಟಣೆಯವರೆಗೆ ಸರಾಸರಿ 67 ವಾರ. ಎಂದರೆ ಒಂದು ವರ್ಷ ಮೂರು ತಿಂಗಳ ಮೇಲೆ. ಇತ್ತ ಆರೋಗ್ಯ ಇಲಾಖೆಯ ಅಧಿಕಾರಿಗೆ ಸೋಮವಾರ ಕಡತ ಬರುತ್ತದೆ, ಶುಕ್ರವಾರ ಸಭೆ. 67 ವಾರ ಕಾಯಿರಿ ಎಂದರೆ ಅವರು ನಗುತ್ತಾರೆ, ನಕ್ಕು ಗೂಗಲ್ ಮಾಡುತ್ತಾರೆ ಅಥವಾ ಪರಿಚಯದ ಪ್ರೊಫೆಸರಿಗೆ ಫೋನ್ ಮಾಡುತ್ತಾರೆ. ನಾನು ಇಲ್ಲಿ ಸಮರ್ಥಿಸಬೇಕಾದ ಹೋಲಿಕೆ ಇದು. ತ್ವರಿತ ಪರಾಮರ್ಶೆಯನ್ನು, ಎಂದರೆ ಇದೇ ಕೆಲಸದ ಮೊಟಕು ರೂಪವನ್ನು, ಪೂರ್ಣ ಪರಾಮರ್ಶೆಯ ಪಕ್ಕದಲ್ಲಿಟ್ಟು ಬೈಯುವವರು, ಅದು ಇಲ್ಲದಿದ್ದರೆ ಆ ಶುಕ್ರವಾರ ಸಭೆಯ ಮೇಜಿನ ಮೇಲೆ ಏನಿರುತ್ತಿತ್ತು ಎಂಬುದನ್ನು ಮರೆಯುತ್ತಾರೆ.

ಆ ಅಧಿಕಾರಿಗಾಗಿ ರೂಪುಗೊಂಡದ್ದು ಈ ತ್ವರಿತ ಪರಾಮರ್ಶೆ, ರ‍್ಯಾಪಿಡ್ ರಿವ್ಯೂ. ಅದೇ ಹಾದಿ, ಕೆಲವು ಹೆಜ್ಜೆಗಳು ಮೊಟಕು. ವರ್ಷದ ಬದಲು ವಾರಗಳು ಅಥವಾ ಕೆಲವು ತಿಂಗಳು. ಕಾಕ್ರೇನ್ ಸಂಸ್ಥೆಯೇ 2015ರಲ್ಲಿ ಇದರ ವಿಧಾನಗಳಿಗೆಂದು ಒಂದು ಗುಂಪನ್ನು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಒಂದು ಒಕ್ಕೂಟ 2017ರಲ್ಲಿ ಕೈಪಿಡಿ ತಂದಿತು, ಮರುವರ್ಷ ಜಾರ್ಜಿಯಾ, ಮಲೇಷ್ಯಾ, ಜಿಂಬಾಬ್ವೆಗಳ ಜೊತೆಗೆ ಭಾರತದಲ್ಲೂ ಇಂಥ ಕೇಂದ್ರಕ್ಕೆ ನೆರವು ಕೊಟ್ಟಿತು. ಆದ್ದರಿಂದ ಇದು ಅಡ್ಡದಾರಿಯ ವ್ಯವಹಾರವೇನೂ ಅಲ್ಲ. ಆದರೆ ಮಾನ್ಯತೆ ಬಂದ ಮೇಲೆ ಎಲ್ಲರೂ ಎಲ್ಲದಕ್ಕೂ ಅದನ್ನೇ ಕೇಳತೊಡಗಿದ್ದಾರೆ.

ನಿಧಾನವೇ ಕೊಂದ ಪ್ರಸಂಗಗಳನ್ನು ಮೊದಲು ನೋಡೋಣ, ಅವಸರದ ಪಕ್ಷಕ್ಕೆ ಅನ್ಯಾಯವಾಗದಿರಲಿ. ಪಶ್ಚಿಮದ ದೇಶಗಳಲ್ಲಿ ಹಸುಗೂಸುಗಳನ್ನು ಬೋರಲು ಮಲಗಿಸಿ ಎಂಬ ಸಲಹೆ ಸುಮಾರು ಅರ್ಧ ಶತಮಾನ ನಡೆಯಿತು. ಹಾಗೆ ಮಲಗಿಸಿದ ಕೂಸುಗಳು ತೊಟ್ಟಿಲಲ್ಲೇ ಹಠಾತ್ತಾಗಿ ಸಾಯುವ ಅಪಾಯ ಹೆಚ್ಚು ಎಂಬುದಕ್ಕೆ 1970ರ ಹೊತ್ತಿಗೇ ಪುರಾವೆ ಇತ್ತು. ಅದನ್ನು ಯಾರೂ ಒಂದೆಡೆ ಕೂಡಿಸಿ ನೋಡಲಿಲ್ಲ. ನೋಡಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯ ಭಾಗಗಳಲ್ಲಿ ಕಡಿಮೆಯೆಂದರೂ 50,000 ಕೂಸುಗಳು ಉಳಿಯಬಹುದಿತ್ತು ಎಂದು 2005ರಲ್ಲಿ ಲೆಕ್ಕ ಹಾಕಿದರು. ಹೃದಯಾಘಾತದಲ್ಲಿ ರಕ್ತದ ಗಡ್ಡೆ ಕರಗಿಸುವ ಸ್ಟ್ರೆಪ್ಟೊಕೈನೇಸ್ ಕಥೆಯೂ ಅಷ್ಟೆ. 1973ರವರೆಗಿನ ಎಂಟು ಪ್ರಯೋಗಗಳ 2,432 ರೋಗಿಗಳ ಲೆಕ್ಕವನ್ನು ಕೂಡಿಸಿದ್ದರೆ ಅದು ಜೀವ ಉಳಿಸುತ್ತದೆ ಎಂದು ಆಗಲೇ ಕಾಣುತ್ತಿತ್ತು. ಕೂಡಿಸಲಿಲ್ಲವಾಗಿ ಆಮೇಲೆ ಇನ್ನೂ 25 ಪ್ರಯೋಗಗಳು, 34,542 ರೋಗಿಗಳು. ಅವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಔಷಧವಿಲ್ಲ.

ಈ ಎರಡು ಪ್ರಸಂಗಗಳನ್ನು ಅವಸರದ ಪರವಾದ ವಾದವಾಗಿ ಬಳಸುವವರುಂಟು. ನನಗೆ ಹಾಗೆ ಕಾಣುವುದಿಲ್ಲ. ಅಲ್ಲಿ ಪರಾಮರ್ಶೆ ನಿಧಾನವಾಗಲಿಲ್ಲ, ಶುರುವೇ ಆಗಲಿಲ್ಲ. ಇಪ್ಪತ್ತು ವರ್ಷ ಯಾರೂ ಪ್ರಶ್ನೆ ಕೇಳದೆ ಕುಳಿತಿದ್ದು, ಇಪ್ಪತ್ತೊಂದನೆಯ ವರ್ಷ ಎರಡು ವಾರದಲ್ಲಿ ಉತ್ತರ ಕೊಡಿ ಎನ್ನುವುದರಿಂದ ಕಳೆದುಹೋದ ಕಾಲ ಹಿಂದಕ್ಕೆ ಬರುವುದಿಲ್ಲ.

ಈಗ ನನ್ನ ಮುಖ್ಯ ಉದಾಹರಣೆಗೆ ಬರುತ್ತೇನೆ. ಟ್ಯಾಮಿಫ್ಲೂ ಎಂಬ ಹೆಸರು ನಿಮಗೆ 2009ರ ಹಂದಿಜ್ವರದ ಕಾಲದಿಂದ ಗೊತ್ತು. ಔಷಧದ ಹೆಸರು ಒಸೆಲ್ಟಾಮಿವಿರ್. ಪುಣೆಯಲ್ಲಿ ಮೊದಲ ಸಾವಾದ ಆ ಆಗಸ್ಟ್ ತಿಂಗಳಲ್ಲಿ ನಮ್ಮ ಊರುಗಳಲ್ಲೂ ಮುಖಗವಸು, ಸಾಲು, ಮಾತ್ರೆ ಎಲ್ಲ ಆಯಿತು. ಜಗತ್ತಿನ ಸರ್ಕಾರಗಳು ಅದಕ್ಕೂ ಮೊದಲಿನಿಂದಲೇ ಈ ಮಾತ್ರೆಯನ್ನು ಗೋದಾಮುಗಳಲ್ಲಿ ತುಂಬಿಸಿಡುತ್ತಿದ್ದವು. ಬ್ರಿಟನ್ ಒಂದೇ ಇದಕ್ಕೆ ಸುಮಾರು 42 ಕೋಟಿ ಪೌಂಡ್ ಸುರಿಯಿತು. ಮಾತ್ರೆ ಜ್ವರದ ದಿನಗಳನ್ನು ಕಡಿಮೆ ಮಾಡುವುದಷ್ಟೇ ಅಲ್ಲದೆ ನ್ಯುಮೋನಿಯಾದಂಥ ತೊಡಕುಗಳನ್ನೂ ಆಸ್ಪತ್ರೆ ಸೇರುವುದನ್ನೂ ತಪ್ಪಿಸುತ್ತದೆ ಎಂಬುದು ಈ ಖರೀದಿಯ ಹಿಂದಿದ್ದ ನಂಬಿಕೆ. ಆ ನಂಬಿಕೆ ಬಹುಮಟ್ಟಿಗೆ ನಿಂತದ್ದು 2003ರಲ್ಲಿ ಪ್ರಕಟವಾದ ಒಂದು ಲೇಖನದ ಮೇಲೆ. ಹತ್ತು ಪ್ರಯೋಗಗಳನ್ನು ಕೂಡಿಸಿ ಬರೆದ ಲೇಖನ ಅದು. ಹತ್ತೂ ಪ್ರಯೋಗ ಔಷಧ ತಯಾರಿಸುವ ಕಂಪನಿಯದೇ. ಅವುಗಳಲ್ಲಿ ಎಂಟು ಪೂರ್ಣರೂಪದಲ್ಲಿ ಎಲ್ಲೂ ಪ್ರಕಟವಾಗಿರಲಿಲ್ಲ. ಕಾಕ್ರೇನ್ ಸಂಸ್ಥೆಯ ಪರಾಮರ್ಶಕರೂ ಒಮ್ಮೆ ಅದನ್ನು ನಂಬಿ ಸೇರಿಸಿಕೊಂಡಿದ್ದರು.

2009ರಲ್ಲಿ ಜಪಾನಿನ ಮಕ್ಕಳ ವೈದ್ಯ ಕೇಜಿ ಹಯಾಶಿ ಆ ಪರಾಮರ್ಶಕರಿಗೆ ಒಂದು ಸಾದಾ ಪ್ರಶ್ನೆ ಕೇಳಿದರು: ಆ ಎಂಟು ಪ್ರಯೋಗಗಳನ್ನು ನೀವು ನೋಡಿದ್ದೀರಾ? ನೋಡಿರಲಿಲ್ಲ. ಅಲ್ಲಿಂದ ಅವರಲ್ಲೊಬ್ಬರಾದ ಟಾಮ್ ಜೆಫರ್ಸನ್ ಮತ್ತವರ ತಂಡ ಕಂಪನಿಯ ಬೆನ್ನು ಹತ್ತಿತು, ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಬೆನ್ನು ಹತ್ತಿತು. ಬ್ರಿಟಿಷ್ ಮೆಡಿಕಲ್ ಜರ್ನಲ್ ಅವರ ಜೊತೆ ನಿಂತು ಪತ್ರಗಳನ್ನೆಲ್ಲ ಬಯಲಿಗಿಟ್ಟಿತು. ಪೂರ್ಣ ವರದಿಗಳು ಕೈಗೆ ಬಂದದ್ದು 2013ರಲ್ಲಿ. 2014ರ ಏಪ್ರಿಲ್‌ನಲ್ಲಿ, ಇದೇ ಜಾತಿಯ ಇನ್ನೊಂದು ಔಷಧವನ್ನೂ ಸೇರಿಸಿ, 46 ಪ್ರಯೋಗಗಳ, 24,000ಕ್ಕೂ ಹೆಚ್ಚು ಜನರ ಮಾಹಿತಿಯಿಂದ ಬಂದ ಉತ್ತರ ಇಷ್ಟು: ದೊಡ್ಡವರಲ್ಲಿ ಜ್ವರದ ಲಕ್ಷಣಗಳು ಏಳು ದಿನದ ಬದಲು 6.3 ದಿನ ಇರುತ್ತವೆ. ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ವಾಕರಿಕೆ, ವಾಂತಿ ಹೆಚ್ಚು. ಈ ಉತ್ತರವನ್ನು ಒಪ್ಪದ ತಜ್ಞರು ಈಗಲೂ ಇದ್ದಾರೆ. ಆಸ್ಪತ್ರೆಯಲ್ಲಿ ತೀವ್ರವಾಗಿ ನರಳುವವರ ವಿಷಯ ಬೇರೆ ಎಂಬುದು ಅವರ ವಾದ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಮುಖ್ಯ ಪಟ್ಟಿಯಿಂದ ಇದನ್ನು ಪೂರಕ ಪಟ್ಟಿಗೆ ಇಳಿಸಿತು.

ತ್ವರಿತ ಪರಾಮರ್ಶೆಯಲ್ಲಿ ಮೊದಲು ಬೀಳುವ ಹೆಜ್ಜೆ ಯಾವುದೆಂದು ಗಮನಿಸಿ. ಪ್ರಕಟವಾಗದ್ದನ್ನು ಹುಡುಕುವ ಹೆಜ್ಜೆ. ಎರಡು ವಾರದಲ್ಲಿ ಯಾರಿಗೂ ಅದು ಆಗದು. ಹಾಗಾಗಿ ಅವಸರದಲ್ಲಿ ನಾವು ಕೇಳಿಸಿಕೊಳ್ಳುವುದು ಹೇಳಲು ಮನಸ್ಸಿದ್ದವರ ಮಾತು ಮಾತ್ರ. ಹುಡುಗನ ಬಗ್ಗೆ ವಿಚಾರಿಸಲು ಹುಡುಗನ ಮನೆಯವರೇ ಕೊಟ್ಟ ನಾಲ್ಕು ನಂಬರಿಗೆ ಫೋನ್ ಮಾಡಿ, ಎಲ್ಲರೂ ಒಳ್ಳೆಯದೇ ಹೇಳಿದರು ಎಂದು ನಿಶ್ಚಿತಾರ್ಥಕ್ಕೆ ಹೊರಟ ಹಾಗೆ.

ಹಾಗಾದರೆ 2009ರಲ್ಲಿ ತ್ವರಿತ ಪರಾಮರ್ಶೆ ತಪ್ಪಾಗುತ್ತಿತ್ತೇ? ಇಲ್ಲಿ ಎರಡು ತೀರ್ಮಾನಗಳಿವೆ, ಅವನ್ನು ಬಿಡಿಸಿ ನೋಡಬೇಕು. ವಾರ್ಡಿನಲ್ಲಿ ಉಸಿರಿಗೆ ಒದ್ದಾಡುತ್ತಿರುವ ಗರ್ಭಿಣಿಗೆ ಈ ಮಾತ್ರೆ ಕೊಡಲೋ ಬೇಡವೋ ಎಂಬುದು ಒಂದು. ಅದಕ್ಕೆ ಕಾಲವಿಲ್ಲ, ಮಾತ್ರೆಯ ಅಪಾಯ ಸಣ್ಣದು, ನಾಳೆ ಬೇರೆ ತಿಳಿದರೆ ನಿಲ್ಲಿಸಬಹುದು. ಕೈಗೆ ಸಿಕ್ಕ ಪುರಾವೆಯನ್ನು ನಾಲ್ಕು ದಿನದಲ್ಲಿ ಓದಿ ಹೇಳಿ ಎನ್ನುವುದು ಅಲ್ಲಿ ಪೂರ್ತಿ ನ್ಯಾಯ. ಎಂದೋ ಬರಬಹುದಾದ ಸಾಂಕ್ರಾಮಿಕಕ್ಕೆಂದು ಕೋಟಿಗಟ್ಟಲೆ ಮಾತ್ರೆ ಕೊಂಡಿಡಬೇಕೇ ಎಂಬುದು ಇನ್ನೊಂದು. ಹಣ ಒಮ್ಮೆ ಹೋದರೆ ಹೋಯಿತು. ಮಾತ್ರೆಗೆ ಅವಧಿ ಮೀರುತ್ತದೆ, ಮತ್ತೆ ಕೊಳ್ಳಬೇಕು. ಆ ತೀರ್ಮಾನಕ್ಕೆ 2003ರಿಂದ ವರ್ಷಗಳ ಬಿಡುವಿತ್ತು. ಔಷಧ ಒಂದೇ, ಕಾಯಿಲೆ ಒಂದೇ, ಪುರಾವೆಯೂ ಒಂದೇ. ಆದರೂ ಮೊದಲನೆಯದಕ್ಕೆ ಅವಸರ ಸಲ್ಲುತ್ತದೆ, ಎರಡನೆಯದಕ್ಕೆ ಸಲ್ಲುವುದಿಲ್ಲ. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ಬೇಗ ಬೇಕೇ ಎಂದು ತೀರ್ಮಾನಿಸುವಾಗ ಕಾಯಿಲೆ ಎಷ್ಟು ಭಯಂಕರ ಎಂದು ನೋಡುವುದು ನಮ್ಮ ವಾಡಿಕೆ. ಉತ್ತರ ತಪ್ಪಾಗಿದ್ದರೆ ಆ ತೀರ್ಮಾನದಿಂದ ಹಿಂದೆ ಬರಲು ಸಾಧ್ಯವೇ, ಬರಲು ಎಷ್ಟು ಕಳೆದುಕೊಳ್ಳಬೇಕು ಎಂದು ನೋಡಬೇಕು.

ಯಾವ ಹೆಜ್ಜೆ ಬಿಟ್ಟರೆ ಎಷ್ಟು ನಷ್ಟ ಎಂಬುದನ್ನು ಈಗ ಅಳೆದೂ ನೋಡಿದ್ದಾರೆ. ಕಾಕ್ರೇನ್ ಸಂಸ್ಥೆಯ 60 ಪರಾಮರ್ಶೆಗಳನ್ನು ತೆಗೆದುಕೊಂಡು, ಹುಡುಕಾಟವನ್ನು ಬೇಕೆಂದೇ ಕುಗ್ಗಿಸಿದರೆ ಏನಾಗುತ್ತದೆ ಎಂದು ಆಸ್ಟ್ರಿಯಾದ ತಂಡವೊಂದು 2018ರಲ್ಲಿ ತೋರಿಸಿತು. ಒಂದು ಡೇಟಾಬೇಸಿನ ಜೊತೆ ಇನ್ನೊಂದನ್ನೋ, ಸಿಕ್ಕ ಲೇಖನಗಳ ಉಲ್ಲೇಖಪಟ್ಟಿಗಳನ್ನೋ ಸೇರಿಸಿಕೊಂಡರೆ ತೀರ್ಮಾನ ತಲೆಕೆಳಗಾಗುವುದು ಅಪರೂಪ. ಒಂದನ್ನೇ ನಂಬಿದರೆ ಕಷ್ಟ. ಸಾರಾಂಶಗಳನ್ನು ಇಬ್ಬರ ಬದಲು ಒಬ್ಬರೇ ಓದಿದರೆ? 2020ರ ಒಂದು ಪ್ರಯೋಗದಲ್ಲಿ ಒಬ್ಬರೇ ಓದಿದಾಗ ಸೇರಬೇಕಾದ ಅಧ್ಯಯನಗಳಲ್ಲಿ ಶೇ. 13 ತಪ್ಪಿಹೋದವು, ಇಬ್ಬರು ಓದಿದಾಗ ಶೇ. 3. ಇದಕ್ಕೆ ಕಾಕ್ರೇನ್ ಗುಂಪಿನ ಮಾರ್ಗಸೂಚಿ ಒಂದು ನಡುವಿನ ದಾರಿ ಹೇಳುತ್ತದೆ: ಐದರಲ್ಲಿ ಒಂದು ಭಾಗವನ್ನಾದರೂ ಇಬ್ಬರು ಓದಿ ಕೈ ಕುದುರಿಸಿಕೊಳ್ಳಿ, ಉಳಿದದ್ದನ್ನು ಒಬ್ಬರು ಓದಲಿ, ಆದರೆ ಅವರು ತಳ್ಳಿಹಾಕಿದ್ದನ್ನು ಎರಡನೆಯವರು ಮತ್ತೆ ನೋಡಲಿ. ಇಂಗ್ಲಿಷ್ ಲೇಖನಗಳಿಗೆ ಮಿತಿಗೊಳಿಸಿಕೊಳ್ಳುವುದರಿಂದ ಬಹುಪಾಲು ಔಷಧಗಳ ವಿಷಯದಲ್ಲಿ ದೊಡ್ಡ ನಷ್ಟವಿಲ್ಲ. ಅಕ್ಯುಪಂಕ್ಚರ್ ಬಗ್ಗೆ ಬರೆಯುವಾಗ ಚೀನೀ ಭಾಷೆಯನ್ನು ಬಿಟ್ಟರೆ ನಗೆಪಾಟಲು. ಮೊಟಕು ಮಾಡಲೇಬಾರದ ಹೆಜ್ಜೆ ಎಂದರೆ ಅಧ್ಯಯನಗಳ ಗುಣಮಟ್ಟದ ಪರೀಕ್ಷೆ. ಸಮಯ ಸಾಲದಾಗ ಜನ ಅದನ್ನೂ ಕೈಬಿಡುತ್ತಾರೆ, ಏಕೆಂದರೆ ಅದನ್ನು ಬಿಟ್ಟರೂ ವರದಿ ನೋಡಲು ತುಂಬಿಕೊಂಡೇ ಇರುತ್ತದೆ.

ಅದರ ಬೆಲೆ ಐವರ್‌ಮೆಕ್ಟಿನ್ ಪ್ರಸಂಗದಲ್ಲಿ ಕಂಡಿತು. ಹುಳುಬಾಧೆಗೆ ಕೊಡುವ, ಆ ಕೆಲಸದಲ್ಲಿ ಬಹಳ ಒಳ್ಳೆಯ ಮಾತ್ರೆ. 2020ರ ನವೆಂಬರಿನಲ್ಲಿ ಈಜಿಪ್ಟಿನಿಂದ ಒಂದು ಪ್ರೀಪ್ರಿಂಟ್ ಬಂತು, ಎಂದರೆ ಬೇರೆ ತಜ್ಞರು ಇನ್ನೂ ಪರಿಶೀಲಿಸದ ಲೇಖನ. ಕೋವಿಡ್ ಸಾವುಗಳು ವಿಪರೀತ ಇಳಿಯುತ್ತವೆ ಎಂದು ಅದು ಹೇಳಿತು. ಅವಸರದ ಪರಾಮರ್ಶೆಗಳು ಅದನ್ನು ಲೆಕ್ಕಕ್ಕೆ ಸೇರಿಸಿಕೊಂಡವು. ಸೇರಿಸಿದ ಕೂಡಲೇ ಒಟ್ಟು ಲೆಕ್ಕವೂ ಮಾತ್ರೆಯ ಕಡೆಗೆ ವಾಲಿತು. 2021ರ ಏಪ್ರಿಲ್‌ನಲ್ಲಿ ನಮ್ಮ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ, ಸೌಮ್ಯ ಲಕ್ಷಣದವರಿಗೆ ಕೊಡಬಹುದು ಎಂಬ ಸಾಲು ಸೇರಿತು. ಮೇ ತಿಂಗಳಲ್ಲಿ ಪಕ್ಕದ ಗೋವಾ ಹದಿನೆಂಟು ದಾಟಿದ ಎಲ್ಲರಿಗೂ ಕೊಡುವುದಾಗಿ ಸಾರಿತು. ಜುಲೈನಲ್ಲಿ ಲಂಡನ್ನಿನ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಆ ಈಜಿಪ್ಟ್ ಅಧ್ಯಯನದ ಮೂಲ ಅಂಕಿಅಂಶದ ಕಡತ ತೆರೆದು ನೋಡಿದ: ಒಬ್ಬನೇ ರೋಗಿಯ ದಾಖಲೆ ನಕಲಾಗಿ ಮತ್ತೆ ಮತ್ತೆ, ಅಧ್ಯಯನ ಶುರುವಾಗುವ ಮೊದಲೇ ಸತ್ತವರೂ ಪಟ್ಟಿಯಲ್ಲಿ. ಪ್ರೀಪ್ರಿಂಟ್ ಹಿಂದಕ್ಕೆ ಹೋಯಿತು, ಸೆಪ್ಟೆಂಬರಿನಲ್ಲಿ ನಮ್ಮ ಮಾರ್ಗಸೂಚಿಯಿಂದಲೂ ಮಾತ್ರೆ ಮರೆಯಾಯಿತು. ಪೂರ್ಣ ಪರಾಮರ್ಶೆ ಮಾಡಿದ್ದರೂ ಈ ಮೋಸ ತಪ್ಪುತ್ತಿರಲಿಲ್ಲವೇನೋ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಾವ ಪರಾಮರ್ಶೆಯೂ ರೋಗಿಗಳ ಮೂಲ ಕಡತವನ್ನು ಸಾಮಾನ್ಯವಾಗಿ ತೆರೆಯುವುದಿಲ್ಲ. ಆದರೆ ಇಡೀ ಉತ್ತರ ಒಂದೇ ಅಧ್ಯಯನದ ಮೇಲೆ ನಿಂತಿದೆ, ಅದನ್ನು ತೆಗೆದರೆ ಏನೂ ಉಳಿಯುವುದಿಲ್ಲ ಎಂಬುದನ್ನು ನಿಧಾನಸ್ಥ ಪರಾಮರ್ಶಕ ಲೆಕ್ಕ ಹಾಕಿ ಬರೆದಿರುತ್ತಾನೆ.

ಹೈಡ್ರಾಕ್ಸಿಕ್ಲೋರೊಕ್ವಿನ್ ಕಥೆ ಬೇರೆ ಜಾತಿಯದು. 2020ರ ಮಾರ್ಚ್ 22ರ ದಿನಾಂಕದ ಸಲಹಾಪತ್ರದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದನ್ನು ಆರೋಗ್ಯ ಸಿಬ್ಬಂದಿಗೂ ರೋಗಿಯ ಮನೆಯವರಿಗೂ ಮುಂಜಾಗ್ರತೆಯಾಗಿ ಸೂಚಿಸಿತು. ಆ ಹೊತ್ತಿಗೆ ಇದ್ದದ್ದು ಪ್ರಯೋಗಾಲಯದ ಮಾಹಿತಿ, ಜೊತೆಗೆ ಫ್ರಾನ್ಸಿನ ಮಾರ್ಸೇಯಿಂದ ಬಂದ ಒಂದು ಸಣ್ಣ ಚಿಕಿತ್ಸಾ ಅಧ್ಯಯನ. ಅದನ್ನು 2024ರ ಡಿಸೆಂಬರಿನಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡಿತು. ಕಾಯಿಲೆ ಬರದಂತೆ ತಡೆಯುತ್ತದೆ ಎಂಬುದಕ್ಕೆ ಮನುಷ್ಯರಲ್ಲಿ ನಡೆಸಿದ ಪ್ರಯೋಗ ಒಂದೂ ಇರಲಿಲ್ಲ. ಇಂಥ ಕಡೆ ಪರಾಮರ್ಶೆ ಬೇಗ ಮುಗಿಯುತ್ತದೆ, ಓದಲು ಏನೂ ಇಲ್ಲವಲ್ಲ! ಅದರ ಪ್ರಾಮಾಣಿಕ ಉತ್ತರ ಒಂದೇ ಸಾಲು: ಗೊತ್ತಿಲ್ಲ, ಪ್ರಯೋಗ ನಡೆಸಿ. ಮಾತ್ರೆಯನ್ನು ಪ್ರಯೋಗದ ಚೌಕಟ್ಟಿನೊಳಗೆ ಕೊಟ್ಟಿದ್ದರೆ ನಮ್ಮ ಲಕ್ಷಾಂತರ ದಾದಿಯರು, ವೈದ್ಯರಿಂದ ಜಗತ್ತಿಗೇ ಉತ್ತರ ಸಿಗುತ್ತಿತ್ತು. ಬದಲಿಗೆ ಕೀಲುವಾತ, ಲೂಪಸ್ ರೋಗಿಗಳು ತಮ್ಮ ನಿತ್ಯದ ಮಾತ್ರೆಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದರು. ಆರು ಪ್ರಯೋಗಗಳು, 6,000ಕ್ಕೂ ಹೆಚ್ಚು ಜನರ ಪುರಾವೆ ಕೂಡಿದ ಮೇಲೆ, 2021ರ ಮಾರ್ಚ್‌ನಲ್ಲಿ, ಮುಂಜಾಗ್ರತೆಗೆ ಇದು ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಹಾಗೆಂದು ಆ ಕಾಲದಲ್ಲಿ ನಮ್ಮವರು ಮಾಡಿದ್ದೆಲ್ಲ ಹೀಗೇ ಎನ್ನಬೇಡಿ. ಪ್ಲಾಸ್ಮಾ ಚಿಕಿತ್ಸೆಗೆ ಊರೆಲ್ಲ ಓಡುತ್ತಿದ್ದಾಗ ಅದೇ ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಅಚ್ಚುಕಟ್ಟಾದ ಪ್ರಯೋಗ ನಡೆಸಿ, ಉಪಯೋಗವಿಲ್ಲ ಎಂದು 2020ರ ಅಕ್ಟೋಬರಿನಲ್ಲೇ ಪ್ರಕಟಿಸಿತು. ಮಾರ್ಗಸೂಚಿಯಿಂದ ಪ್ಲಾಸ್ಮಾ ಹೋದದ್ದು ಮರುವರ್ಷ ಮೇ ತಿಂಗಳಲ್ಲಿ. ಎರಡನೆಯ ಅಲೆಯಲ್ಲಿ ಪ್ಲಾಸ್ಮಾ ದಾನಿಗಳಿಗಾಗಿ ವಾಟ್ಸ್ಆ್ಯಪ್‌ನಲ್ಲಿ ಅಂಗಲಾಚಿದವರಿಗೆ ಆ ಏಳು ತಿಂಗಳ ಅರ್ಥ ಗೊತ್ತು.

2020ರಲ್ಲೇ ಸರಿಯಾದ ಅವಸರವೂ ನಡೆಯಿತು. ಡೆಕ್ಸಾಮೆಥಾಸೋನ್‌ನಂಥ ಅಗ್ಗದ ಸ್ಟೀರಾಯ್ಡುಗಳು ಕೋವಿಡ್‌ನಲ್ಲಿ ಜೀವ ಉಳಿಸಬಹುದೇ ಎಂದು ಬೇರೆ ಬೇರೆ ದೇಶಗಳಲ್ಲಿ ಪ್ರಯೋಗಗಳು ನಡೆಯುತ್ತಿದ್ದವು. ಅವುಗಳ ಅಂಕಿಅಂಶ ತನ್ನ ಕೈಗೆ ಬರುವ ಮೊದಲೇ, ಅವನ್ನೆಲ್ಲ ಹೇಗೆ ಕೂಡಿಸಬೇಕು ಎಂಬ ಪ್ರೋಟೋಕಾಲನ್ನು ವಿಶ್ವ ಆರೋಗ್ಯ ಸಂಸ್ಥೆಯ ತಂಡವೊಂದು ಬರೆದು ನೋಂದಾಯಿಸಿತು. ಈ ನಡುವೆ ಜೂನ್ 16ರಂದು ಬ್ರಿಟನ್ನಿನ ರಿಕವರಿ ಪ್ರಯೋಗದ ಸುದ್ದಿ ಬಂತು: ವೆಂಟಿಲೇಟರಿನ ಮೇಲಿದ್ದವರ ಸಾವಿನಲ್ಲಿ ಮೂರನೆಯ ಒಂದು ಭಾಗ ಇಳಿಕೆ. ಸೆಪ್ಟೆಂಬರ್ 2ರಂದು ಏಳು ಪ್ರಯೋಗಗಳ, ತೀವ್ರ ಸ್ಥಿತಿಯ 1,703 ರೋಗಿಗಳ ಒಟ್ಟು ಲೆಕ್ಕ ಹೊರಬಂತು. ಅದೇ ದಿನ ಮಾರ್ಗಸೂಚಿಯೂ ಬಂತು. ಸ್ಟೀರಾಯ್ಡ್ ಪಡೆದವರಲ್ಲಿ 678ರಲ್ಲಿ 222, ಪಡೆಯದವರಲ್ಲಿ 1,025ರಲ್ಲಿ 425 ಸಾವು. ಯಾವ ಹೆಜ್ಜೆಯನ್ನೂ ಬಿಡದೆ ಅಷ್ಟು ಬೇಗ ಮುಗಿಸಲು ಆದದ್ದು, ಪ್ರಶ್ನೆಯನ್ನು ಮೊದಲೇ ಬರೆದಿಟ್ಟುಕೊಂಡಿದ್ದರಿಂದ.

ಇನ್ನು ಕೇಳುವವರ ಮಾತು. ಪುರಾವೆ ಬೇಕೆನ್ನುವ ಅಧಿಕಾರಿಗಳನ್ನೂ ಮಾರ್ಗಸೂಚಿ ಬರೆಯುವವರನ್ನೂ 2017ರ ಒಂದು ಅಂತರರಾಷ್ಟ್ರೀಯ ಸಮೀಕ್ಷೆ ಕೇಳಿತು: ಬೇಗ ಸಿಗುತ್ತದೆ ಎಂದರೆ ಎಷ್ಟು ತಪ್ಪನ್ನು ಸಹಿಸುತ್ತೀರಿ? ನಡುಮಧ್ಯದ ಉತ್ತರ ಶೇ. 10. ಹತ್ತು ಉತ್ತರಗಳಲ್ಲಿ ಒಂದು ಸುಳ್ಳಾದರೆ ಅಡ್ಡಿಯಿಲ್ಲ, ಅದಕ್ಕಿಂತ ಹೆಚ್ಚು ಬೇಡ. ಈ ಸಂಖ್ಯೆ ನನಗೆ ಇಷ್ಟವಾಗುವುದು, ಅದು ಸರಿಯೋ ತಪ್ಪೋ ಎಂಬ ಕಾರಣಕ್ಕಲ್ಲ; ಕೇಳಿದವರ ಬಾಯಿಂದ ಒಂದು ಸಂಖ್ಯೆ ಬಂತಲ್ಲ ಎಂಬುದಕ್ಕೆ. ನಮ್ಮಲ್ಲಿ ಕಡತ ಕಳಿಸುವವರು ಯಾವತ್ತಾದರೂ ಆ ಸಂಖ್ಯೆ ಬರೆದು ಕಳಿಸುತ್ತಾರೆಯೇ? ಪರಾಮರ್ಶೆ ಮಾಡುವವರು ಮೊದಲ ದಿನವೇ ಅಧಿಕಾರಿಯ ಎದುರು ಕುಳಿತು ಎರಡು ಮಾತು ಕೇಳಬೇಕು. ಉತ್ತರ ಹೌದು ಎಂದು ಬಂದರೆ ಏನು ಮಾಡುತ್ತೀರಿ? ಇಲ್ಲ ಎಂದು ಬಂದರೆ? ಎರಡಕ್ಕೂ ಒಂದೇ ಉತ್ತರ ಕೊಟ್ಟರೆ ಆ ತೀರ್ಮಾನ ಆಗಲೇ ಆಗಿಹೋಗಿದೆ, ಅವರಿಗೆ ಬೇಕಾಗಿರುವುದು ಮುದ್ರೆ. ಅಂಥವರಿಗೆ ತ್ವರಿತವೂ ಬೇಡ, ಪೂರ್ಣವೂ ಬೇಡ. ನಯವಾಗಿ ಕೈಮುಗಿದು ಎದ್ದುಬರುವುದು ಒಳ್ಳೆಯದು. ಉತ್ತರಗಳು ಬೇರೆಬೇರೆಯಾದರೆ ಮಾತು ಮುಂದುವರಿಯಲಿ, ಪ್ರಶ್ನೆಯನ್ನು ಕಿರಿದುಗೊಳಿಸಿಕೊಳ್ಳಿ. ಡೆಂಗಿ ನಿಯಂತ್ರಣಕ್ಕೆ ಏನು ಮಾಡಬೇಕು ಎಂಬ ಪ್ರಶ್ನೆಗೆ ತ್ವರಿತ ಪರಾಮರ್ಶೆ ಇಲ್ಲ. ಮನೆಯೊಳಗೆ ಔಷಧ ಸಿಂಪಡಿಸಿದರೆ ಡೆಂಗಿ ಪ್ರಕರಣ ಇಳಿಯುತ್ತದೆಯೇ ಎಂಬುದಕ್ಕೆ ಉಂಟು. ಆ ಪ್ರಶ್ನೆಗೆ ಯಾರೋ ಈಗಾಗಲೇ ಒಳ್ಳೆಯ ಪೂರ್ಣ ಪರಾಮರ್ಶೆ ಮಾಡಿಟ್ಟಿರುವ ಸಾಧ್ಯತೆಯೂ ಇದೆ. ಅದನ್ನು ಹುಡುಕಿ, ಅದರ ನಂತರ ಬಂದ ಅಧ್ಯಯನಗಳನ್ನಷ್ಟೇ ಸೇರಿಸಿದರೆ ಮುಗಿಯಿತು. ಹೊಸದು ಮಾಡಿದ ಕೀರ್ತಿ ಇದರಲ್ಲಿ ಇಲ್ಲವಾದ್ದರಿಂದ ಯಾರಿಗೂ ಹಿಡಿಸುವುದಿಲ್ಲ.

ಬೇಗ ಎಂದರೆ ಅಗ್ಗ ಎಂದು ತಿಳಿದವರೂ ಇದ್ದಾರೆ. ಎರಡು ವಾರದಲ್ಲಿ ಎಲ್ಲಿ ಕತ್ತರಿಸಬಹುದು, ಎಲ್ಲಿ ಕೂಡದು ಎಂದು ತಿಳಿಯಲು ಪೂರ್ಣ ಪರಾಮರ್ಶೆಗಳನ್ನು ಮಾಡಿ ಪಳಗಿದ ಕೈ ಬೇಕು, ಮಾಹಿತಿ ಹುಡುಕಬಲ್ಲ ಗ್ರಂಥಪಾಲಕರು ಬೇಕು. ನಮ್ಮಲ್ಲಿ ಇದನ್ನು ಸ್ನಾತಕೋತ್ತರ ವಿದ್ಯಾರ್ಥಿಗೆ ಕೊಡುತ್ತಾರೆ. ಥೀಸಿಸ್ ಸಲ್ಲಿಸುವ ದಿನ ಹತ್ತಿರ ಬಂತು ಎಂಬ ಕಾರಣಕ್ಕೆ ರ‍್ಯಾಪಿಡ್ ರಿವ್ಯೂ ಎಂದು ಹೆಸರು ಬದಲಿಸಿದ ಬರಹಗಳನ್ನು ಪತ್ರಿಕೆಗಳಲ್ಲಿ ಧಾರಾಳವಾಗಿ ನೋಡುತ್ತೇವೆ. ಅದರ ಉತ್ತರಕ್ಕಾಗಿ ಯಾವ ಸಭೆಯೂ ಕಾಯುತ್ತಿಲ್ಲ. ಕಾಯುವವರಿಲ್ಲದ ಕೆಲಸಕ್ಕೆ ಅವಸರ ಏಕೆ? ಕಂಪ್ಯೂಟರ್ ಬುದ್ಧಿಯ ಬಗ್ಗೆಯೂ ಯಾರಾದರೂ ಕೇಳುತ್ತೀರಿ. ಸಾವಿರಾರು ಸಾರಾಂಶಗಳನ್ನು ವಿಂಗಡಿಸಲು ಅದು ನೆರವಾಗುತ್ತದೆ, ಆಗಲಿ. ಅಚ್ಚಾಗದ ಎಂಟು ಪ್ರಯೋಗಗಳು ಎಲ್ಲಿ ಎಂದು ಕೇಳುವ ಹಯಾಶಿಯ ಕೆಲಸವನ್ನು ಅದಕ್ಕೆ ವಹಿಸಿ ನಿದ್ದೆ ಮಾಡುವ ಹಾಗಿಲ್ಲ.

ಕೊನೆಗೆ ನಮ್ಮ ಮಲೆನಾಡಿನ ಒಂದು ಪ್ರಶ್ನೆ. ಮಂಗನ ಕಾಯಿಲೆಯನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದರು. ಉಣುಗು ಕಚ್ಚಿ ಬರುವ ಕಾಯಿಲೆ. ಅದಕ್ಕೆ ಲಸಿಕೆಯೂ ಇತ್ತು. 1990ರಿಂದ 92ರವರೆಗೆ ಮೂರು ಜಿಲ್ಲೆಗಳಲ್ಲಿ ನಡೆದ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಲ್ಲಿ ಶೇ. 93.5 ರಕ್ಷಣೆ ಕಂಡಿತ್ತು. 2005ರಿಂದ 2010ರವರೆಗಿನ ಲೆಕ್ಕ ನೋಡಿದವರಿಗೆ ಎರಡು ಡೋಸಿಗೆ ಸಿಕ್ಕದ್ದು ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಹಬ್ಬಿ ಜನ ಸತ್ತದ್ದು ನಿಮಗೆ ನೆನಪಿದೆ. 2022ರ ವೇಳೆಗೆ ಲಸಿಕೆ ನಿಂತಿತು.

ಆ ಲಸಿಕೆ ಎಷ್ಟು ರಕ್ಷಿಸುತ್ತಿತ್ತು ಎಂಬ ಪ್ರಶ್ನೆಯ ಬಗ್ಗೆ ಜಗತ್ತಿನಲ್ಲಿರುವ ಒಟ್ಟು ಸಾಹಿತ್ಯ ಒಂದು ಕೈಚೀಲಕ್ಕೆ ಹಿಡಿಯುತ್ತದೆ. ಕಾಯಿಲೆ ನಮ್ಮದು, ಬರೆದವರೂ ಬಹುತೇಕ ನಮ್ಮವರೇ. ಹೆಜ್ಜೆಗಳನ್ನು ಮೊಟಕು ಮಾಡಿದರೆ ಇಲ್ಲಿ ಉಳಿಯುವುದು ಕೆಲವು ದಿನ ಮಾತ್ರ. ಮೇಲಿನ ಎರಡು ಅಧ್ಯಯನಗಳಲ್ಲಿ ಒಂದು ಕಣ್ತಪ್ಪಿದರೂ ಉತ್ತರವೇ ಬೇರೆಯಾಗುತ್ತದೆ. ಸಾವಿರ ಲೇಖನಗಳ ನಡುವೆ ಒಂದು ತಪ್ಪಿದರೆ ತಾಳಿಕೊಳ್ಳಬಹುದು, ಐದಾರರಲ್ಲಿ ಒಂದು ತಪ್ಪಿದರೆ ಆಗದು. ಪುರಾವೆ ಕಡಿಮೆ ಇದ್ದಷ್ಟೂ ಪೂರ್ಣ ಪರಾಮರ್ಶೆಯನ್ನೇ ಮಾಡಬೇಕು, ಮಾಡುವುದು ಸುಲಭವೂ ಹೌದು. ಇಲಾಖೆಯ ಹಳೆಯ ದಾಖಲೆಗಳಲ್ಲಿ, ಲಸಿಕೆ ತಯಾರಿಸಿದ ಘಟಕದ ಪರೀಕ್ಷಾ ವರದಿಗಳಲ್ಲಿ ಅಚ್ಚಾಗದೆ ಉಳಿದಿರಬಹುದಾದದ್ದನ್ನು ಕೇಳಿ ಪಡೆಯಲು ಮಾತ್ರ ಕಾಲ ಬೇಕು.

ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ ಸೇರಿ ಹೊಸ ಲಸಿಕೆಯ ಕೆಲಸ ನಡೆಸಿವೆ. ಅದರ ಫಲಿತಾಂಶ ಬರುವ ಹೊತ್ತಿಗೆ ಯಾರಿಗೆ ಕೊಡಬೇಕು, ಎಷ್ಟು ಡೋಸ್, ಹಳೆಯ ಲಸಿಕೆ ಪಡೆದವರಿಗೆ ಏನು ಎಂಬ ಕಡತ ಡಿಸೆಂಬರಿನಲ್ಲೋ ಜನವರಿಯಲ್ಲೋ ಏಳುತ್ತದೆ, ಕಾಡಂಚಿನಲ್ಲಿ ಮಂಗಗಳು ಸಾಯತೊಡಗಿದಾಗ. ತುರ್ತು ಎಂದು ಕೆಂಪು ಚೀಟಿ ಅಂಟಿಸಿಕೊಂಡು ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಪ್ರತಿ ವರ್ಷ ಬರುವ ಕಾಯಿಲೆಗೆ ತುರ್ತು ಎಂಬ ನೆಪ ನಡೆಯಬಾರದು. ಜೂನ್‌ನಿಂದ ನವೆಂಬರಿನವರೆಗೆ ಮಳೆಗಾಲದ ಆರು ತಿಂಗಳಿವೆ. ಹಳೆಯ ಲಸಿಕೆಯ ಪೂರ್ಣ ಪರಾಮರ್ಶೆಗೆ ಪಳಗಿದ ಮೂರು ನಾಲ್ಕು ಮಂದಿ, ಒಬ್ಬ ಗ್ರಂಥಪಾಲಕರು, ಇಲಾಖೆಯ ದಾಖಲೆ ಕೋಣೆಯ ಬೀಗದ ಕೈ ಇದ್ದರೆ ಆ ಆರು ತಿಂಗಳು ಧಾರಾಳ. ಹಾಗೆ ಮಾಡಿಟ್ಟುಕೊಂಡಿದ್ದರೆ ಹೊಸ ಫಲಿತಾಂಶವನ್ನು ಅದಕ್ಕೆ ಸೇರಿಸಿ ಉತ್ತರ ಕೊಡಲು ಎರಡು ವಾರ ಸಾಕು, ಮತ್ತು ಆ ಎರಡು ವಾರದ ಅವಸರಕ್ಕೆ ನನ್ನ ತಕರಾರಿಲ್ಲ.